ಪಿಟ್ಯೂಟರಿ ಗ್ರಂಥಿ ತೆಗೆದ ಮೇಲೂ ವೀರ್ಯಾಣು ಹುಟ್ಟುತ್ತದೆ: ಹಾರ್ಮೋನು ಚಿಕಿತ್ಸೆಯ ಒಳಹೊರಗು

ಪಿಟ್ಯೂಟರಿ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸಿನ ವೀರ್ಯಪರೀಕ್ಷೆಯಲ್ಲಿ ವೀರ್ಯಾಣುಗಳ ಸಂಖ್ಯೆ ಸೊನ್ನೆ ಎಂದು ಬಂದರೆ ಹೆಚ್ಚಿನ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಯ ಬಾಂಬೋಳಿಗೋ ಹೋಗಿ ತಲೆಯೊಳಗಿನ ಗಡ್ಡೆ ತೆಗೆಸಿಕೊಂಡು ಬಂದಿದ್ದಾನೆ, ಜೀವ ಉಳಿದಿದೆ, ಕಣ್ಣು ಉಳಿದಿದೆ, ಇನ್ನು ಮಗುವಿನ ವಿಚಾರ ಎತ್ತಿ ಅವನನ್ನೇಕೆ ನೋಯಿಸಬೇಕು ಎಂದು ಹಿರಿಯರು ಸುಮ್ಮನಾಗುತ್ತಾರೆ. ಅವನೂ ಸುಮ್ಮನಾಗುತ್ತಾನೆ. ಹೆಂಡತಿ ಮಾತ್ರ ಎಲ್ಲರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಉಳಿಯುತ್ತಾಳೆ.

ಈ ಮೌನ ಅನಗತ್ಯ. ಗಂಡಸರ ಬಂಜೆತನಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಔಷಧದಿಂದ ನೇರವಾಗಿ ಸರಿಪಡಿಸಬಹುದಾದವು ಬೆರಳೆಣಿಕೆಯಷ್ಟು. ಪಿಟ್ಯೂಟರಿ ಇಲ್ಲದ್ದರಿಂದ ಬಂದ ಬಂಜೆತನ ಆ ಬೆರಳೆಣಿಕೆಯಲ್ಲಿ ಸೇರಿದೆ. ಸರಿಯಾದ ಚುಚ್ಚುಮದ್ದನ್ನು ಸಾಕಷ್ಟು ಕಾಲ ತೆಗೆದುಕೊಂಡವರಲ್ಲಿ ನಾಲ್ವರ ಪೈಕಿ ಸುಮಾರು ಮೂವರ ವೀರ್ಯದಲ್ಲಿ ವೀರ್ಯಾಣು ಮರಳಿ ಕಾಣಿಸುತ್ತದೆ. ಇದು ಇಂದು ನಿನ್ನೆಯ ಪವಾಡವೂ ಅಲ್ಲ, ಅರವತ್ತು ವರ್ಷ ಹಳೆಯ ವಿದ್ಯೆ. ಆದರೂ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರದವರೆಗೆ, ಇದು ಬೇಕಾದವರ ಕಿವಿಗೆ ಬಿದ್ದಿರುವುದು ಕಡಿಮೆ.

ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂಬದಿಯ ನೇರಕ್ಕೆ, ಎಲುಬಿನ ಸಣ್ಣ ಗುಳಿಯೊಂದಿದೆ. ಪಿಟ್ಯೂಟರಿ ಇರುವುದು ಅಲ್ಲಿ. ತೂಕ ಅರ್ಧ ಗ್ರಾಂ ಆಸುಪಾಸು. ಮೇಲಿರುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಚಿಮ್ಮಿಸುತ್ತದೆ. ಅದು ತಲುಪಿದಾಗ ಪಿಟ್ಯೂಟರಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ: ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಎರಡೂ ವೃಷಣಕ್ಕೆ ಹೋಗುತ್ತವೆ, ಆದರೆ ಅಲ್ಲಿ ಅವು ಮುಟ್ಟುವ ಕೋಶಗಳು ಬೇರೆ ಬೇರೆ. ಎಲ್‌ಎಚ್ ಲೇಡಿಗ್ ಕೋಶಗಳನ್ನು ಎಚ್ಚರಿಸುತ್ತದೆ, ಅವು ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ತಯಾರಿಸುತ್ತವೆ. ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಬೆಳೆಯುತ್ತಿರುವ ವೀರ್ಯಾಣುಗಳನ್ನು ಸುತ್ತುವರಿದು ಪೋಷಿಸುವ ಕೋಶಗಳು ಇವು.

ಗಡ್ಡೆಯ ಜೊತೆ ಪಿಟ್ಯೂಟರಿಯೂ ಹೋದರೆ, ಅಥವಾ ಗಡ್ಡೆಯ ಒತ್ತಡಕ್ಕೆ ಸಿಕ್ಕು ಉಳಿದ ಭಾಗವೂ ಬತ್ತಿದರೆ, ಈ ಎರಡೂ ಹಾರ್ಮೋನುಗಳು ನಿಲ್ಲುತ್ತವೆ. ವೃಷಣ ಕುಗ್ಗುತ್ತದೆ, ಮೃದುವಾಗುತ್ತದೆ, ಗಡ್ಡ ತೆಳುವಾಗುತ್ತದೆ, ಆಸಕ್ತಿ ಹೋಗುತ್ತದೆ, ವೀರ್ಯದ ಪ್ರಮಾಣವೇ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ವೃಷಣವೇ ಕೆಟ್ಟಿದೆ ಎನ್ನಿಸುತ್ತದೆ. ಕೆಟ್ಟಿಲ್ಲ. ವೀರ್ಯಾಣುವಿನ ಮೂಲಕೋಶಗಳು ಅಲ್ಲೇ ಇವೆ, ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಮೇಲಿನಿಂದ ಬರಬೇಕಾದದ್ದು ಬರುತ್ತಿಲ್ಲ, ಅಷ್ಟೇ.

ಇದನ್ನು ಪತ್ತೆಹಚ್ಚಲು ದುಬಾರಿ ಪರೀಕ್ಷೆ ಬೇಕಿಲ್ಲ. ವೀರ್ಯಾಣು ಸೊನ್ನೆ ಇದ್ದು ರಕ್ತದಲ್ಲಿ ಎಫ್‌ಎಸ್‌ಎಚ್ ಏರಿದ್ದರೆ ದೋಷ ಹೆಚ್ಚಾಗಿ ವೃಷಣದಲ್ಲೇ ಇರುತ್ತದೆ: ಪಿಟ್ಯೂಟರಿ ಕೂಗಿ ಕರೆಯುತ್ತಿದೆ, ವೃಷಣ ಓಗೊಡುತ್ತಿಲ್ಲ. ಅಂಥವರಿಗೆ ಹಾರ್ಮೋನು ಚುಚ್ಚಿ ಹೆಚ್ಚಿನ ಪ್ರಯೋಜನವಿಲ್ಲ. ವೀರ್ಯಾಣು ಸೊನ್ನೆ ಇದ್ದು ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟಿರೋನ್ ಮೂರೂ ತಳ ಕಂಡಿದ್ದರೆ ಕರೆಯೇ ಹೋಗಿಲ್ಲ ಎಂದು ಅರ್ಥ. ವರದಿಯಲ್ಲಿ ಎಲ್ಲ ಅಂಕಿಗಳೂ ಕಡಿಮೆ ಇರುವುದನ್ನು ಕಂಡು ಎದೆಯೊಡೆದುಕೊಳ್ಳುವ ದಂಪತಿಗೆ ನಾನು ಹೇಳಬಯಸುವುದು ಇಷ್ಟೇ: ಮಗುವಿನ ಮಟ್ಟಿಗೆ ಇದು ಆಶೆ ಇಟ್ಟುಕೊಳ್ಳಬಹುದಾದ ವರದಿ.

ಟೆಸ್ಟೋಸ್ಟಿರೋನ್ ಚುಚ್ಚುಮದ್ದು ಏಕೆ ಸಾಲದು

ಶಸ್ತ್ರಚಿಕಿತ್ಸೆಯ ನಂತರ ಟೆಸ್ಟೋಸ್ಟಿರೋನ್ ಕಡಿಮೆಯಾದ ಗಂಡಸಿಗೆ ವೈದ್ಯರು ಟೆಸ್ಟೋಸ್ಟಿರೋನ್ ಕೊಡುವುದು ವಾಡಿಕೆ. ಎರಡು ಮೂರು ವಾರಕ್ಕೊಂದು ಚುಚ್ಚುಮದ್ದು, ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ದೀರ್ಘಾವಧಿಯ ಚುಚ್ಚುಮದ್ದು, ಅಥವಾ ಚರ್ಮಕ್ಕೆ ಹಚ್ಚುವ ಜೆಲ್. ಒಳ್ಳೆಯ ಔಷಧ. ಎಲುಬು ಗಟ್ಟಿಯಾಗಿ ಉಳಿಯುತ್ತದೆ, ಮೈಯಲ್ಲಿ ಕಸುವು ಬರುತ್ತದೆ, ಗಡ್ಡ ಬೆಳೆಯುತ್ತದೆ, ದಾಂಪತ್ಯದ ಬದುಕು ಮರಳುತ್ತದೆ. ಹೀಗೆಲ್ಲ ಸರಿಯಾದ ಮೇಲೆ ಮಗುವೂ ಆಗಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆಗುವುದಿಲ್ಲ. ವರ್ಷಗಳು ಕಳೆದುಹೋಗುವುದು ಇಲ್ಲಿಯೇ.

ವೀರ್ಯಾಣು ಹುಟ್ಟಲು ಟೆಸ್ಟೋಸ್ಟಿರೋನ್ ಬೇಕು ನಿಜ, ಆದರೆ ರಕ್ತದಲ್ಲಿ ಇರುವಷ್ಟು ಸಾಲದು. ಆರೋಗ್ಯವಂತ ವೃಷಣದ ಒಳಗೆ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು. ಅಲ್ಲಿಯೇ ತಯಾರಾಗಿ ಅಲ್ಲಿಯೇ ತುಂಬಿಕೊಂಡಿರುವುದರಿಂದ ಅದು ಸಾಧ್ಯ. ತೋಳಿಗೋ ಪೃಷ್ಠಕ್ಕೋ ಚುಚ್ಚಿದ ಟೆಸ್ಟೋಸ್ಟಿರೋನ್ ರಕ್ತದ ಮಟ್ಟವನ್ನು ಸರಿಮಾಡೀತು, ವೃಷಣದೊಳಗಿನ ಆ ಮಟ್ಟವನ್ನು ಎಂದೂ ಮುಟ್ಟದು. ಕರಾವಳಿಯ ಗಾಳಿಯಲ್ಲಿ ತೇವ ಎಷ್ಟೇ ಇದ್ದರೂ ಬುಡಕ್ಕೆ ನೀರು ಹಾಯಿಸದಿದ್ದರೆ ಬೇಸಿಗೆಯಲ್ಲಿ ತೆಂಗಿನ ಸಸಿ ಒಣಗುತ್ತದಲ್ಲ, ಹಾಗೆ.

ಪಿಟ್ಯೂಟರಿ ಚೆನ್ನಾಗಿಯೇ ಇರುವ ಗಂಡಸಿಗೂ ಹೊರಗಿನ ಟೆಸ್ಟೋಸ್ಟಿರೋನ್ ಈ ವಿಷಯದಲ್ಲಿ ಕೆಡುಕು. ರಕ್ತದಲ್ಲಿ ಅದು ಸಾಕಷ್ಟಿರುವುದನ್ನು ಕಂಡ ಮಿದುಳು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ತಡೆಹಿಡಿಯುತ್ತದೆ, ವೀರ್ಯಾಣು ಇಳಿಯುತ್ತದೆ. ಮೈಕಟ್ಟಿಗಾಗಿ ಇಂಥ ಚುಚ್ಚುಮದ್ದು ತೆಗೆದುಕೊಳ್ಳುವ ಜಿಮ್‌ನ ಹುಡುಗರಿಗೂ ಅವರ ಅಪ್ಪ ಅಮ್ಮಂದಿರಿಗೂ ಇದು ಗೊತ್ತಿರಬೇಕು. ಪಿಟ್ಯೂಟರಿಯ ಸ್ವಲ್ಪ ಭಾಗ ಉಳಿದವರ ವಿಷಯದಲ್ಲಂತೂ ಉಳಿದ ಚೂರು ಶಕ್ತಿಯನ್ನೂ ಅದು ಮಲಗಿಸುತ್ತದೆ. ಆದ್ದರಿಂದ ಮಗು ಬೇಕೆಂದು ನಿರ್ಧರಿಸಿದಾಗ ಮೊದಲು ಟೆಸ್ಟೋಸ್ಟಿರೋನ್ ನಿಲ್ಲಿಸಿ, ಬೇರೆ ಚುಚ್ಚುಮದ್ದಿಗೆ ಬದಲಾಗಬೇಕು. ಇದನ್ನು ಹಾರ್ಮೋನು ತಜ್ಞರೇ ಮಾಡಬೇಕು; ಅಂಗಡಿಯವರ ಸಲಹೆಯ ಮೇಲೆ ಅಲ್ಲ, ಮೊಬೈಲ್ ನೋಡಿಕೊಂಡೂ ಅಲ್ಲ.

ಎರಡು ಚುಚ್ಚುಮದ್ದುಗಳು

ಇಲ್ಲದ ಎಲ್‌ಎಚ್‌ನ ಜಾಗವನ್ನು ತುಂಬುವುದು ಎಚ್‌ಸಿಜಿ. ಇದು ಗರ್ಭಿಣಿಯ ದೇಹದಲ್ಲಿ ತಯಾರಾಗುವ ಹಾರ್ಮೋನು. ಗರ್ಭಧಾರಣೆಯ ಪಟ್ಟಿ ಪರೀಕ್ಷೆಯಲ್ಲಿ ಎರಡನೆಯ ಗೆರೆ ಮೂಡಿಸುವುದು ಇದೇ. ರಚನೆಯಲ್ಲಿ ಎಲ್‌ಎಚ್‌ಗೆ ಎಷ್ಟು ಹತ್ತಿರವೆಂದರೆ ಎರಡೂ ಲೇಡಿಗ್ ಕೋಶದ ಒಂದೇ ಗ್ರಾಹಕಕ್ಕೆ, ಅಂದರೆ ಹಾರ್ಮೋನು ಬಂದು ಅಂಟುವ ಜಾಗಕ್ಕೆ, ಹೋಗಿ ಕೂರುತ್ತವೆ. ಅಲ್ಲದೆ ಎಲ್‌ಎಚ್ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ, ಎಚ್‌ಸಿಜಿ ಒಂದು ದಿನಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ. ಹಾಗಾಗಿ ವಾರಕ್ಕೆ ಎರಡು ಮೂರು ಸಲ ಕೊಟ್ಟರೆ ಸಾಕಾಗುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ 1,000ದಿಂದ 2,000 ಯೂನಿಟ್, ಹೊಟ್ಟೆಯ ಚರ್ಮದ ಕೆಳಗೆ, ಇನ್ಸುಲಿನ್ ತೆಗೆದುಕೊಳ್ಳುವ ಹಾಗೆಯೇ ಸಣ್ಣ ಸೂಜಿಯಲ್ಲಿ. ಕಲಿತರೆ ಮನೆಯಲ್ಲೇ ಹಾಕಿಕೊಳ್ಳಬಹುದು. ರಕ್ತದ ಟೆಸ್ಟೋಸ್ಟಿರೋನ್ ಮಟ್ಟ ನೋಡಿ ವೈದ್ಯರು ಪ್ರಮಾಣವನ್ನು ಏರಿಸುತ್ತಾರೆ, ಇಳಿಸುತ್ತಾರೆ.

ಇದನ್ನು ತೆಗೆದುಕೊಳ್ಳುವಾಗ ಟೆಸ್ಟೋಸ್ಟಿರೋನ್ ಹೊರಗಿನಿಂದ ಬೇಕಾಗುವುದಿಲ್ಲ. ವೃಷಣವೇ ತಯಾರಿಸುತ್ತದೆ, ಬೇಕಾದಲ್ಲಿ ಬೇಕಾದಷ್ಟು. ಗಡ್ಡ, ಕಸುವು, ಆಸಕ್ತಿ ಎಲ್ಲವೂ ಮೊದಲಿನಂತೆ ನಡೆಯುತ್ತವೆ. ಟೆಸ್ಟೋಸ್ಟಿರೋನ್ ನಿಲ್ಲಿಸಿದರೆ ಗಂಡಸುತನ ಹೋದೀತು ಎಂದು ಹೆದರುವವರಿಗೆ ಇದನ್ನು ಮೊದಲೇ ಹೇಳಬೇಕು.

ಪ್ರೌಢನಾದ ಮೇಲೆ ಪಿಟ್ಯೂಟರಿ ಕಳೆದುಕೊಂಡ ಕೆಲವರಿಗೆ ಎಚ್‌ಸಿಜಿ ಒಂದೇ ಸಾಕಾಗುತ್ತದೆ. ಮೂರರಿಂದ ಆರು ತಿಂಗಳು ಕಳೆದರೂ ವೀರ್ಯದಲ್ಲಿ ಏನೂ ಕಾಣಿಸದಿದ್ದರೆ ಎರಡನೆಯದನ್ನು ಸೇರಿಸುತ್ತಾರೆ: ಎಫ್‌ಎಸ್‌ಎಚ್, ವಾರಕ್ಕೆ ಎರಡು ಮೂರು ಸಲ, 75ರಿಂದ 150 ಯೂನಿಟ್. ಇದು ಎರಡು ರೂಪದಲ್ಲಿ ಸಿಗುತ್ತದೆ. ಮುಟ್ಟು ನಿಂತ ಹೆಂಗಸರ ಮೂತ್ರದಿಂದ ಶುದ್ಧಗೊಳಿಸಿದ ಎಚ್‌ಎಂಜಿ ಒಂದು, ಪ್ರಯೋಗಾಲಯದಲ್ಲಿ ಕೋಶಗಳಿಂದ ತಯಾರಿಸಿದ್ದು ಇನ್ನೊಂದು. ಖರ್ಚಿನ ಮುಖ್ಯ ಭಾಗ ಇದೇ. ಎರಡೂ ಕೆಲಸ ಮಾಡುತ್ತವೆ. ದುಬಾರಿಯದೇ ಬೇಕೆಂದು ಸಾಲ ಮಾಡುವ ಮೊದಲು ಅಗ್ಗದ್ದು ನಡೆದೀತೇ ಎಂದು ಕೇಳಿ. ವೈದ್ಯರ ಎದುರು ಹಣದ ಮಾತು ಆಡಲು ನಮ್ಮವರು ಸಂಕೋಚ ಪಡುತ್ತಾರೆ, ಅರ್ಧ ಚಿಕಿತ್ಸೆಗೆ ಹಣ ಮುಗಿದು ಹಿಂದೆ ಬರುತ್ತಾರೆ. ಆ ಸಂಕೋಚದಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಮಾತ್ರೆಯಲ್ಲೇ ಆಗದೇ ಎಂದು ಕೇಳುವವರಿದ್ದಾರೆ. ಪುರುಷರ ಬಂಜೆತನಕ್ಕೆ ಕ್ಲೋಮಿಫೀನ್ ಮಾತ್ರೆ ಬರೆಯುವುದು ಸಾಮಾನ್ಯ. ಆದರೆ ಅದು ಕೆಲಸ ಮಾಡುವುದು ಹೈಪೋಥಲಾಮಸ್ ಮತ್ತು ಪಿಟ್ಯೂಟರಿಯನ್ನು ಕೆಣಕಿ. ಪಿಟ್ಯೂಟರಿಯೇ ಇಲ್ಲದವನಿಗೆ ಅದು ವ್ಯರ್ಥ. ಜಿಎನ್‌ಆರ್‌ಎಚ್ ಅನ್ನು ಸಣ್ಣ ಪಂಪಿನಿಂದ ಕೊಡುವ ವಿಧಾನವೂ ಅದೇ ಕಾರಣಕ್ಕೆ ಇಲ್ಲಿ ನಡೆಯದು. ಇನ್ನು ವೀರ್ಯವರ್ಧಕ ಎಂದು ಮಾರುವ ಪುಡಿ, ಲೇಹ್ಯಗಳು. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ದೊಡ್ಡ ಪ್ರೋಟೀನು ಅಣುಗಳು. ಅವು ಯಾವ ಗಿಡದ ಬೇರಿನಲ್ಲೂ ಇಲ್ಲ, ಇದ್ದಿದ್ದರೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತಿದ್ದವು. ಹರಕೆ ಹೊರಿ, ಗೋಕರ್ಣಕ್ಕೆ ಹೋಗಿ ಬನ್ನಿ, ಮನಸ್ಸಿಗೆ ನೆಮ್ಮದಿ ಬೇಕು. ಚುಚ್ಚುಮದ್ದನ್ನು ಮಾತ್ರ ತಪ್ಪಿಸಬೇಡಿ.

ಈ ವಿದ್ಯೆ ಎಲ್ಲಿಂದ ಬಂತು

ಪಿಟ್ಯೂಟರಿ ತೆಗೆದರೆ ವೃಷಣ ಕುಗ್ಗುತ್ತದೆ ಎಂದು ಖಚಿತವಾದದ್ದು ಇಲಿಗಳಿಂದ. ಅಮೆರಿಕದ ಫಿಲಿಪ್ ಸ್ಮಿತ್ 1920ರ ದಶಕದಲ್ಲಿ ಇಲಿಗಳ ಮಿದುಳಿಗೆ ಧಕ್ಕೆಯಾಗದಂತೆ ಪಿಟ್ಯೂಟರಿಯೊಂದನ್ನೇ ತೆಗೆಯುವ ಕೈಚಳಕ ಸಾಧಿಸಿದರು. ವೃಷಣ ಬತ್ತಿತು, ಇಲಿಗೆ ಪಿಟ್ಯೂಟರಿಯ ತುಣುಕುಗಳನ್ನು ನೆಟ್ಟಾಗ ಮತ್ತೆ ತುಂಬಿಕೊಂಡಿತು. ಅದೇ ಕಾಲಕ್ಕೆ, 1927ರಲ್ಲಿ, ಬರ್ಲಿನ್‌ನಲ್ಲಿ ಝೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಗರ್ಭಿಣಿಯರ ಮೂತ್ರದಲ್ಲಿ ಇಂಥದ್ದೇ ಶಕ್ತಿಯ ವಸ್ತುವನ್ನು ಕಂಡರು. ಇಂದಿನ ಎಚ್‌ಸಿಜಿ ಅದೇ.

ಎಫ್‌ಎಸ್‌ಎಚ್ ಸಿಕ್ಕ ಕಥೆ ನನಗೆ ಇನ್ನೂ ಹೆಚ್ಚು ಇಷ್ಟ. ಮುಟ್ಟು ನಿಂತ ಹೆಂಗಸರ ದೇಹದಲ್ಲಿ ಅಂಡಾಶಯ ಓಗೊಡದ ಕಾರಣ ಪಿಟ್ಯೂಟರಿ ಈ ಹಾರ್ಮೋನುಗಳನ್ನು ಹೇರಳವಾಗಿ ಸುರಿಸುತ್ತದೆ, ಅವು ಮೂತ್ರದಲ್ಲಿ ಹೊರಬರುತ್ತವೆ. ಇಟಲಿಯ ಪಿಯೆರೊ ಡೊನಿನಿ 1949ರ ಹೊತ್ತಿಗೆ ಅದನ್ನು ಶುದ್ಧಗೊಳಿಸುವ ದಾರಿ ಕಂಡುಕೊಂಡರು. ಔಷಧ ಮಾಡಲು ಸಾವಿರಾರು ಲೀಟರ್ ಮೂತ್ರ ಬೇಕಿತ್ತು, ಅದನ್ನು ಕೊಟ್ಟವರು ಇಟಲಿಯ ಕಾನ್ವೆಂಟುಗಳಲ್ಲಿದ್ದ ವೃದ್ಧ ಸನ್ಯಾಸಿನಿಯರು. ಆ ಔಷಧ ಪಡೆದ ತಾಯಿಗೆ ಮೊದಲ ಮಗು ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಇಸ್ರೇಲಿನಲ್ಲಿ, ಬ್ರೂನೊ ಲುನೆನ್‌ಫೆಲ್ಡ್ ಅವರ ಆರೈಕೆಯಲ್ಲಿ. ಬ್ರಹ್ಮಚರ್ಯದಲ್ಲಿ ಬದುಕು ಸವೆಸಿದ ಆ ತಾಯಂದಿರಿಂದ ಎಷ್ಟೋ ಮನೆಗಳಲ್ಲಿ ತೊಟ್ಟಿಲು ತೂಗಿತು.

ಗಂಡಸರ ಸರದಿ ಬಂದದ್ದು 1964ರಲ್ಲಿ. ಆ ವರ್ಷ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ವರದಿಗಳು ಬಂದವು. ಸ್ವೀಡನ್ನಿನ ಕಾರ್ಲ್ ಗೆಮ್ಜೆಲ್ ಮತ್ತು ಅವರ ಸಹೋದ್ಯೋಗಿ, ಪಿಟ್ಯೂಟರಿಯ ಭಾಗವನ್ನು ತೆಗೆಯಲಾಗಿದ್ದ ಗಂಡಸಿಗೆ ಮೃತರ ಪಿಟ್ಯೂಟರಿಗಳಿಂದ ಬೇರ್ಪಡಿಸಿದ ಹಾರ್ಮೋನು ಕೊಟ್ಟು ಚಿಕಿತ್ಸೆ ಮಾಡಿದ್ದರು. ಅಮೆರಿಕದ ಜಾನ್ ಮ್ಯಾಕ್‌ಲಿಯೋಡ್ ಮತ್ತು ಸಂಗಡಿಗರು, ಮುಟ್ಟು ನಿಂತವರ ಮೂತ್ರದ ಹಾರ್ಮೋನಿನಿಂದ ವೀರ್ಯಾಣು ಮರಳಿಸಿದ್ದರು. ಪಿಟ್ಯೂಟರಿ ಇಲ್ಲದೆಯೂ ವೃಷಣ ಮತ್ತೆ ಕೆಲಸ ಮಾಡಬಲ್ಲದು ಎಂಬುದು ಮನುಷ್ಯರಲ್ಲಿ ಹೀಗೆ ಸಾಬೀತಾಯಿತು. ಮೃತರ ಪಿಟ್ಯೂಟರಿಯಿಂದ ತೆಗೆದ ಹಾರ್ಮೋನುಗಳ ಮೂಲಕ ಮಿದುಳನ್ನು ನಾಶಮಾಡುವ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ ಹರಡಿದ್ದು 1985ರಲ್ಲಿ ಬೆಳಕಿಗೆ ಬಂದ ಮೇಲೆ ಆ ಮೂಲವನ್ನು ಕೈಬಿಟ್ಟರು. ಈಗ ಸಿಗುವ ಚುಚ್ಚುಮದ್ದುಗಳು ಅಲ್ಲಿಂದ ಬಂದವಲ್ಲ.

ಕಾಯುವುದು

ಈ ಚಿಕಿತ್ಸೆಯಲ್ಲಿ ಸೋಲುವವರಲ್ಲಿ ಬಹಳ ಜನ ಔಷಧ ಕೆಲಸ ಮಾಡದೆ ಸೋಲುವುದಲ್ಲ, ನಡುವೆ ಬಿಟ್ಟು ಸೋಲುತ್ತಾರೆ. ಮೂಲಕೋಶವೊಂದು ವೀರ್ಯಾಣುವಾಗಿ ಮಾಗಲು ಸುಮಾರು 74 ದಿನ ಬೇಕು. ವೃಷಣದ ಬೆನ್ನಿಗಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳವನ್ನು ದಾಟಿ, ಈಜುವುದನ್ನು ಕಲಿತು ಹೊರಬರಲು ಇನ್ನೊಂದೆರಡು ವಾರ. ಎಲ್ಲವೂ ಸಿದ್ಧವಿರುವ ಆರೋಗ್ಯವಂತನಲ್ಲೇ ಒಂದು ಸುತ್ತಿಗೆ ಮೂರು ತಿಂಗಳು ಹಿಡಿಯುತ್ತದೆ ಎಂದಾಯಿತು. ವರ್ಷಗಳಿಂದ ಸುಮ್ಮನಿದ್ದ ವೃಷಣ ಮೊದಲು ತುಂಬಿಕೊಳ್ಳಬೇಕು, ಆಮೇಲೆ ಈ ಸುತ್ತು ಶುರುವಾಗಬೇಕು. ಮೊದಲ ವೀರ್ಯಾಣು ಕಾಣಿಸುವ ಹೊತ್ತಿಗೆ ಆರೇಳು ತಿಂಗಳಾಗುವುದು ಸಾಮಾನ್ಯ. ಒಂದೂವರೆ ಎರಡು ವರ್ಷ ತೆಗೆದುಕೊಂಡು ಗೆದ್ದವರೂ ಇದ್ದಾರೆ.

ನಮ್ಮ ಕರಾವಳಿಯ ಗಂಡಸರಿಗೆ ಈ ಲೆಕ್ಕ ಕಷ್ಟ ಕೊಡುತ್ತದೆ. ಯಾಂತ್ರಿಕ ದೋಣಿಯಲ್ಲಿ ದುಡಿಯುವವರು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಆಸ್ಪತ್ರೆಯ ಕೆಲಸ ಮುಗಿಸಿಕೊಳ್ಳಬೇಕೆಂದು ನೋಡುತ್ತಾರೆ. ಆ ಅವಧಿಯಲ್ಲಿ ಒಂದೇ ಒಂದು ವೀರ್ಯಾಣುವೂ ಪೂರ್ತಿ ಮಾಗುವುದಿಲ್ಲ. ಭಟ್ಕಳ, ಹೊನ್ನಾವರದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರದು ಇನ್ನೊಂದು ಬಗೆ: ವರ್ಷಕ್ಕೋ ಎರಡು ವರ್ಷಕ್ಕೋ ಸಿಗುವ ರಜೆಯಲ್ಲಿ ಬಂದು, ಊರಿನಲ್ಲಿ ಚಿಕಿತ್ಸೆ ಶುರುಮಾಡಿ, ರಜೆ ಮುಗಿದಾಗ ನಿಲ್ಲಿಸಿ ವಿಮಾನ ಹತ್ತುತ್ತಾರೆ. ಸರಿಯಾದ ಕ್ರಮ ಇದರ ತಿರುವುಮುರುವು. ಚುಚ್ಚುಮದ್ದನ್ನು ಅಲ್ಲಿಯೇ, ಅಲ್ಲಿನ ವೈದ್ಯರ ಚೀಟಿಯ ಮೇಲೆ ತಿಂಗಳುಗಟ್ಟಲೆ ಮೊದಲು ಶುರುಮಾಡಬೇಕು. ವೀರ್ಯಾಣು ಮೂಡಿದ ಮೇಲೆ ರಜೆ ಹಾಕಬೇಕು. ಅಥವಾ ವೀರ್ಯಾಣು ಮೂಡಿದಾಗ ಅದನ್ನು ನೋಂದಾಯಿತ ವೀರ್ಯ ಬ್ಯಾಂಕಿನಲ್ಲಿ ಶೈತ್ಯೀಕರಿಸಿ ಇಡಬೇಕು.

ಔಷಧದ ಸಂಗ್ರಹವೂ ಕಡೆಗಣಿಸುವ ವಿಷಯವಲ್ಲ. ಕಲಸಿದ ಎಚ್‌ಸಿಜಿ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಮಳೆಗಾಲದಲ್ಲಿ ಜೋಯಿಡಾ, ಸಿದ್ದಾಪುರ, ಶಿರಸಿಯ ಒಳ ಹಳ್ಳಿಗಳಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ. ಅಂಥ ಊರಿನವರು ಒಂದೇ ಸಲಕ್ಕೆ ಮುಗಿಯುವ ಸಣ್ಣ ಪ್ರಮಾಣದ ಬಾಟಲಿಗಳನ್ನು ಕೇಳಿ ಪಡೆಯುವುದು ಒಳ್ಳೆಯದು. ಕಲಸದ ಪುಡಿ, ಕಲಸಿದ ಔಷಧಕ್ಕಿಂತ ಹೆಚ್ಚು ತಾಳುತ್ತದೆ. ಆದರೂ ಪೆಟ್ಟಿಗೆಯ ಮೇಲೆ ಬರೆದ ಉಷ್ಣಾಂಶವನ್ನು ಓದಿಯೇ ಇಡಿ.

ಫಲ ಯಾರಿಗೆ ಬೇಗ, ಯಾರಿಗೆ ತಡ? ಪ್ರೌಢಾವಸ್ಥೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯಾದವರಿಗೆ ಬೇಗ, ಅವರ ವೃಷಣ ಒಮ್ಮೆ ಕೆಲಸ ಮಾಡಿ ಅಭ್ಯಾಸವಾಗಿದೆ. ವೃಷಣದ ಗಾತ್ರ ಹೆಚ್ಚಿದ್ದಷ್ಟೂ ಒಳ್ಳೆಯದು. ವೈದ್ಯರು ಮಣಿಸರದಂಥ ಅಳತೆಗೋಲಿನಿಂದ ಅದನ್ನು ಅಳೆಯುತ್ತಾರೆ. ಬಾಲ್ಯದಲ್ಲೇ ಗಡ್ಡೆ ಬಂದು, ಮೀಸೆ ಮೂಡುವ ಮೊದಲೇ ಪಿಟ್ಯೂಟರಿ ಹೋದ ಹುಡುಗರದು ದೀರ್ಘ ದಾರಿ. ಅವರ ಸರ್ಟೋಲಿ ಕೋಶಗಳೇ ಇನ್ನೂ ಬೆಳೆದಿರುವುದಿಲ್ಲ, ಎಫ್‌ಎಸ್‌ಎಚ್ ಖಂಡಿತ ಬೇಕಾಗುತ್ತದೆ. ಹುಟ್ಟಿನಲ್ಲಿ ವೃಷಣ ಕೆಳಗಿಳಿಯದೆ ಉಳಿದಿದ್ದರೆ ಫಲ ಇನ್ನೂ ಕಷ್ಟ.

ವೀರ್ಯಾಣು ಮೂಡಿದ ಮೇಲೂ ಸಂಖ್ಯೆ ಕಡಿಮೆಯೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಸಾಮಾನ್ಯದ ಕೆಳಗಿನ ಗಡಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ. ಈ ಚಿಕಿತ್ಸೆ ಪಡೆದವರಲ್ಲಿ 1 ಕೋಟಿಯೂ ಮುಟ್ಟದೆ ಹೆಂಡತಿ ಗರ್ಭಿಣಿಯಾದ ಉದಾಹರಣೆಗಳು ಧಾರಾಳವಾಗಿವೆ. ಇಲ್ಲಿ ಹುಟ್ಟುವ ವೀರ್ಯಾಣು ಸಂಖ್ಯೆಯಲ್ಲಿ ಕಡಿಮೆಯಾದರೂ ಚುರುಕು. ಆದ್ದರಿಂದ ವರದಿಯ ಅಂಕಿ ನೋಡಿ ಧೃತಿಗೆಡಬೇಡಿ. ತೀರಾ ಕಡಿಮೆಯಾದರೆ ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ನೇರವಾಗಿ ಸೇರಿಸುವ ಇಕ್ಸಿ ವಿಧಾನವಿದೆ. ವೀರ್ಯದಲ್ಲಿ ಏನೂ ಇಲ್ಲದಿದ್ದರೂ ವೃಷಣದೊಳಗಿನಿಂದಲೇ ಹುಡುಕಿ ತೆಗೆಯಬಹುದು. ಇಷ್ಟೆಲ್ಲ ನಡೆಯುವಾಗ ಹೆಂಡತಿಯ ವಯಸ್ಸು ನಿಲ್ಲುವುದಿಲ್ಲ. ಮೂವತ್ತೈದು ದಾಟಿದ ಮೇಲೆ ಅಂಡಾಣುಗಳು ಬೇಗ ಕಡಿಮೆಯಾಗುತ್ತವೆ. ಗಂಡನ ಚಿಕಿತ್ಸೆ ಮುಗಿಯಲಿ, ಆಮೇಲೆ ಅವಳದ್ದು ನೋಡೋಣ ಎನ್ನದೆ ಇಬ್ಬರ ಪರೀಕ್ಷೆಯೂ ಒಟ್ಟಿಗೇ ಆಗಲಿ.

ಅಡ್ಡ ಪರಿಣಾಮಗಳು ದೊಡ್ಡವಲ್ಲ. ಮೊಡವೆ, ಎದೆಯ ಭಾಗ ಸ್ವಲ್ಪ ಉಬ್ಬುವುದು, ರಕ್ತ ದಪ್ಪವಾಗುವುದು. ಪ್ರಮಾಣ ತಗ್ಗಿಸಿದರೆ ಸರಿಹೋಗುತ್ತವೆ. ಮಗುವಿಗೂ ಗಡ್ಡೆ ಬರುತ್ತದೆಯೇ ಎಂಬ ಭಯ ಬಹಳ ಮಂದಿಗೆ ಇದೆ. ಪಿಟ್ಯೂಟರಿ ಗಡ್ಡೆಗಳಲ್ಲಿ ಬಹುಪಾಲು ವಂಶಪಾರಂಪರ್ಯವಲ್ಲ. ಮನೆತನದಲ್ಲಿ ಇನ್ನೊಬ್ಬರಿಗೂ ಇಂಥ ಗಡ್ಡೆ ಇದ್ದಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ.

ಜೀವ ಕಾಯುವ ಮಾತ್ರೆ ಬೇರೆ

ಮಗುವಿನ ಚಿಂತೆಯಲ್ಲಿ ಮರೆಯಬಾರದ ಒಂದು ವಿಷಯವಿದೆ. ಪಿಟ್ಯೂಟರಿ ಹೋದಾಗ ಎಲ್‌ಎಚ್, ಎಫ್‌ಎಸ್‌ಎಚ್ ಮಾತ್ರ ಹೋಗುವುದಲ್ಲ. ಥೈರಾಯ್ಡ್‌ ಅನ್ನು, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯನ್ನು ನಡೆಸುವ ಹಾರ್ಮೋನುಗಳೂ ಹೋಗುತ್ತವೆ. ಅವಿಲ್ಲದ ಕೊರತೆಗೆ ಥೈರಾಕ್ಸಿನ್ ಮಾತ್ರೆ, ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಜೀವನಪೂರ್ತಿ ಬೇಕು. ಎರಡನೆಯದು ಒಂದೆರಡು ದಿನ ತಪ್ಪಿದರೂ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಚಿಕಿತ್ಸೆ ಶುರುಮಾಡುವಾಗ ಮೊದಲು ಹೈಡ್ರೋಕಾರ್ಟಿಸೋನ್, ಅದಾದ ಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೂ ಅಪಾಯ. ಜ್ವರ ಬಂದಾಗ ಹೈಡ್ರೋಕಾರ್ಟಿಸೋನ್ ದುಪ್ಪಟ್ಟು ಮಾಡಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದು ತೆಗೆದುಕೊಳ್ಳಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಘಟ್ಟದ ದಾರಿಗಳೂ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತವೆ ಹೇಳಲಾಗದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೂಗುತ್ತಿದ್ದಾರೆ, 2022ರಲ್ಲಿ ಅದು ದೊಡ್ಡ ಅಭಿಯಾನವೇ ಆಯಿತು. ಆ ಕೂಗು ನ್ಯಾಯವಾದದ್ದು, ನಾನೂ ಅದರ ಪರ. ಅದು ಆಗುವವರೆಗೆ, ಮಳೆ ಹಿಡಿಯುವ ಮೊದಲೇ ಎರಡು ತಿಂಗಳ ಮಾತ್ರೆ ಮನೆಯಲ್ಲಿರಲಿ. ತುರ್ತಿಗೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಚುಚ್ಚುಮದ್ದು ಒಂದಿರಲಿ, ಅದನ್ನು ಹಾಕುವುದನ್ನು ಮನೆಯಲ್ಲಿ ಒಬ್ಬರು ಕಲಿತಿರಲಿ. ‘ಪಿಟ್ಯೂಟರಿ ಇಲ್ಲ, ಸ್ಟಿರಾಯ್ಡ್ ಬೇಕು’ ಎಂದು ಬರೆದ ಚೀಟಿಯೊಂದು ಜೇಬಿನಲ್ಲಿರಲಿ.

ಶಸ್ತ್ರಚಿಕಿತ್ಸೆಯೇ ಆಗದೆ ಪಿಟ್ಯೂಟರಿ ಕಳೆದುಕೊಂಡವರೂ ನಮ್ಮ ನಡುವೆ ಇರಬಹುದು. ಕೊಳಕುಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಕ್ರಮವನ್ನೇ ಕೆಡಿಸುತ್ತದೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಕೆಲವರಲ್ಲಿ ಪಿಟ್ಯೂಟರಿಯನ್ನೂ ಕೊಲ್ಲುತ್ತದೆ. ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ನ ವೈದ್ಯರು ಇದನ್ನು ದಾಖಲಿಸಿದ್ದಾರೆ. ಗದ್ದೆ, ತೋಟಗಳಲ್ಲಿ ಕಚ್ಚಿಸಿಕೊಂಡು ಬದುಕಿ ಬಂದವನಿಗೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಸುಸ್ತು, ಗಡ್ಡ ತೆಳುವಾಗುವುದು, ಆಸಕ್ತಿ ಇಲ್ಲದಿರುವುದು, ಮಕ್ಕಳಾಗದಿರುವುದು ಕಂಡರೆ ಹಳೆಯ ಹಾವು ಕಡಿತವನ್ನು ವೈದ್ಯರಿಗೆ ಹೇಳಲೇಬೇಕು. ಅವರೂ ಕೇಳಬೇಕು. ಚಿಕಿತ್ಸೆ ಮೇಲೆ ಹೇಳಿದ್ದೇ.

ಇನ್ನೂ ಶಸ್ತ್ರಚಿಕಿತ್ಸೆ ಆಗದವರಿಗೆ ಒಂದು ಮಾತು. ಗಡ್ಡೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸುರಿಸುವ ಬಗೆಯದಾದರೆ ಬಹಳ ಸಲ ಕ್ಯಾಬರ್ಗೋಲಿನ್ ಮಾತ್ರೆಯಿಂದಲೇ ಕುಗ್ಗುತ್ತದೆ, ಏರಿದ ಪ್ರೊಲ್ಯಾಕ್ಟಿನ್ ಇಳಿದಂತೆ ವೀರ್ಯಾಣುವೂ ಮರಳಬಹುದು. ಶಸ್ತ್ರಚಿಕಿತ್ಸೆ ಬೇಕೇ ಬೇಕೆಂದಾದರೆ, ಸಮಯವಿದ್ದರೆ, ಮೊದಲೇ ವೀರ್ಯವನ್ನು ಶೈತ್ಯೀಕರಿಸಿ ಇಡಿಸಿ. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಮದುವೆಯಾಗದ ಹುಡುಗನಾದರೆ ಇದನ್ನು ಕೇಳುವುದು ಅವನಿಗೆ ನಾಚಿಕೆ, ಅಪ್ಪನಿಗೆ ನಾಚಿಕೆ. ಕಣ್ಣು ಮಂಜಾಗುತ್ತಿರುವಾಗ ವೈದ್ಯರಿಗೂ ಅದು ನೆನಪಾಗದಿರಬಹುದು. ಯಾರಾದರೊಬ್ಬರು ಕೇಳಲೇಬೇಕು. ಗಡ್ಡೆ ದೊಡ್ಡದಿದ್ದು ಆಗಲೇ ವೀರ್ಯಾಣು ನಿಂತಿದ್ದರೆ ಚಿಂತೆಯಿಲ್ಲ, ಚುಚ್ಚುಮದ್ದಿನ ದಾರಿ ಇದ್ದೇ ಇದೆ.

ಗರ್ಭ ನಿಂತು ಮೂರು ತಿಂಗಳು ಸುರಕ್ಷಿತವಾಗಿ ಕಳೆದ ಮೇಲೆ ಎಫ್‌ಎಸ್‌ಎಚ್ ನಿಲ್ಲಿಸಬಹುದು. ಎರಡನೆಯ ಮಗು ಬೇಕೆನ್ನುವವರು ಎಚ್‌ಸಿಜಿ ಒಂದನ್ನೇ ಮುಂದುವರಿಸುವುದುಂಟು. ಒಮ್ಮೆ ಶುರುವಾದ ವೀರ್ಯಾಣು ಉತ್ಪಾದನೆಯನ್ನು ಕೆಲವರಲ್ಲಿ ಅದೊಂದೇ ಉಳಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒಂದೆರಡು ಮಾದರಿ ಶೈತ್ಯೀಕರಿಸಿ ಇಟ್ಟರೆ ಮತ್ತೆ ಮೊದಲಿನಿಂದ ಆರಂಭಿಸುವ ಖರ್ಚು ತಪ್ಪುತ್ತದೆ. ಸಾಕೆನ್ನುವವರು ಹಿಂದಿನ ಟೆಸ್ಟೋಸ್ಟಿರೋನ್‌ಗೆ ಮರಳುತ್ತಾರೆ, ಅದು ಅಗ್ಗ, ಸುಲಭ. ಮುಂದೆ ಮತ್ತೆ ಮಗು ಬೇಕೆನಿಸಿದರೆ ಇದೇ ಚಿಕಿತ್ಸೆಯನ್ನು ಎರಡನೆಯ ಸಲವೂ ಪಡೆಯಬಹುದು. ಸಾಮಾನ್ಯವಾಗಿ ಆಗ ಮೊದಲಿಗಿಂತ ಬೇಗ ಫಲ ಕಾಣುತ್ತದೆ.